ನರಸಿಂಹ ಮಾಸ್ತರರ ಐದು ಪತ್ರಗಳು

೧೯೫೭ನೆಯ ಇಸವಿ ಆಗಸ್ಟ್ ೨೦, ಮಂಗಳವಾರ. ಬೆಳಗಿನ ಹತ್ತೂಕಾಲಕ್ಕೆ ಭಾಗೀರಥೀಬಾಯಿ ಬಾದಾಮಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಮಂಗಳವಾರ ತಪ್ಪದೆ ಬನಶಂಕರಿಗೆ ನಡೆದು ಹೋಗಿ ಬರುವವರು, ಅಂದು ಅರ್ಧ ದಾರಿಯಿಂದಲೇ ತಿರುಗಿ ಠಾಣೆಗೆ ಬಂದಿದ್ದರು. ವಯಸ್ಸು ಮೂವತ್ತೆಂಟರ ಆಸುಪಾಸು. ಇಳಕಲ್ ಸೀರೆಯ ಸೆರಗು ಎರಡೂ ಭುಜದ ಮೇಲಿತ್ತು, ಕೈಯಲ್ಲಿ ಹಣ್ಣುಕಾಯಿಯ ಚೀಲ.

ಫೌಜದಾರ ರಾಚಯ್ಯ ಅವರ ಗುರುತು ಹಿಡಿದ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನರಸಿಂಹ ಮಾಸ್ತರರ ಹೆಂಡತಿ. ಮಾಸ್ತರರು ಒಮ್ಮೆ ಯಾವುದೋ ಸಾಕ್ಷಿಗೆ ಸಹಿ ಹಾಕಲು ಠಾಣೆಗೆ ಬಂದಿದ್ದರು. ಗೋಡೆಯ ಮೇಲಿನ ತಾಲೂಕಿನ ನಕಾಶೆ ನೋಡಿ, ಬಾದಾಮಿಯ ಎತ್ತರ ಬರೆದಿಲ್ಲವೆಂದು ತಾವೇ ಪೆನ್ಸಿಲಿನಿಂದ ‘೧೯೨೦ ಅಡಿ’ ಎಂದು ಬರೆದು ಹೋಗಿದ್ದರು. ಅಂಥ ಮನುಷ್ಯ.

ರಾಚಯ್ಯ ಕುರ್ಚಿ ತರಿಸಿದ. ಭಾಗೀರಥೀಬಾಯಿ ಕೂತು, ವಿಷಯವನ್ನು ಮೊದಲಿನಿಂದ ಹೇಳಿದರು. ಇಪ್ಪತ್ತು ವರ್ಷ ಹಿಮನದಿಯ ಪಾಠ ಮಾಡಿದ್ದರೂ ತಮ್ಮ ಗಂಡ ಒಂದು ಹಿಡಿ ಹಿಮವನ್ನೂ ಕಂಡವರಲ್ಲ. ಕಾಣದ್ದನ್ನು ಕಲಿಸುವುದು ಸುಳ್ಳು ಹೇಳಿದ ಹಾಗೆ ಎಂದು ಆಗಾಗ ಅನ್ನುತ್ತಿದ್ದರು. ಈ ಸಲದ ಮೇ ರಜೆಯಲ್ಲಿ, ಅದೇ ಶಾಲೆಯ ಚಿತ್ರಕಲಾ ಮಾಸ್ತರ ಮಧುಸೂದನರಾಯರ ಜೊತೆಗೂಡಿ ಹಿಮಾಲಯಕ್ಕೆ ಹೊರಟರು. ಅಲ್ಮೋಡಾ ಜಿಲ್ಲೆಯಲ್ಲಿ ಮೋಟಾರು ಮುಟ್ಟುವ ಕೊನೆಯ ಊರಿನಿಂದ ಮುಂದೆ, ದಾರಿ ತೋರಿಸುವವನನ್ನು ಕಟ್ಟಿಕೊಂಡು, ಡೇರೆ ಹೊರಿಸಿಕೊಂಡು, ಪಿಂಡಾರಿ ಎಂಬ ಹಿಮನದಿಯವರೆಗೆ ಹತ್ತು ಹನ್ನೆರಡು ದಿನದ ನಡಿಗೆ. ಜೂನ್ ೫ಕ್ಕೆ ಮಧುಸೂದನರಾಯರು ಒಬ್ಬರೇ ರೈಲು ಇಳಿದರು. ‘ಹಿಂದಿನಿಂದ ಬರ್ತೇನಿ ಅಂದಾನ’ ಎಂದರು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಗಂಡನ ಪತ್ರ ಬರುತ್ತಿದೆ. ಹೀಗೆ ಐದು ಪತ್ರ.

ಅವರು ಚೀಲದಿಂದ ಐದೂ ಲಕೋಟೆ ತೆಗೆದು, ಬಂದ ಕ್ರಮದಲ್ಲಿ ಮೇಜಿನ ಮೇಲಿಟ್ಟರು.

"ಪತ್ರ ಬರ್ಲಿಕ್ಕತ್ತಾವಲ್ರಿ ಬಾಯಾರ. ಮತ್ತ ತಕರಾರು ಏನು?" ಎಂದ ರಾಚಯ್ಯ.

"ಇವು ಅವರು ಬರದದ್ದಲ್ಲ."

"ಅಕ್ಷರ?"

"ಅಕ್ಷರ ಅವರದ ಅದ. ಸಹಿನೂ ಅವರದ ಕಂಡ್ಹಂಗ ಅದ. ಬರದವರು ಅವರಲ್ಲ."

ಹೇಗೆಂದು ಕೇಳಿದಾಗ ಅವರು ಬಾಗಿಲಲ್ಲಿ ನಿಂತಿದ್ದ ಪೇದೆ ಚಂದಪ್ಪನ ಕಡೆ ನೋಡಿದರು. ರಾಚಯ್ಯ ಅವನನ್ನು ನೀರು ತರಲು ಕಳಿಸಿದ. ಆಮೇಲೆ ಭಾಗೀರಥೀಬಾಯಿ ತಗ್ಗಿದ ದನಿಯಲ್ಲಿ ಹೇಳಿದ್ದು ಹದಿನೆಂಟು ವರ್ಷ ಯಾರಿಗೂ ಹೇಳದ ಮಾತು. ಗಂಡನ ಕಣ್ಣಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಹಸಿ ಮೆಣಸಿನಕಾಯಿ ರಾಶಿಯಲ್ಲಿ ಹಣ್ಣಾದವನ್ನು ಆರಿಸಲು ಬಾರದು. ನಕಾಶೆಗೆ ಬಣ್ಣ ಹಚ್ಚುವ ಭೂಗೋಳದ ಮಾಸ್ತರನಿಗೆ ಬಣ್ಣವೇ ಕಾಣುವುದಿಲ್ಲವೆಂದು ತಿಳಿದರೆ ನೌಕರಿ ಹೋದೀತೆಂಬ ಹೆದರಿಕೆ. ಅದಕ್ಕೇ ಭಾಗೀರಥೀಬಾಯಿ ತಾವೇ ಪ್ರತಿ ಬಣ್ಣದ ಪೆನ್ಸಿಲಿನ ಮೇಲೂ ಸೂಜಿಯಿಂದ ಒಂದೊಂದು ಅಕ್ಷರ ಕೊರೆದು ಕೊಡುತ್ತಿದ್ದರು. ಈ ಸಂಗತಿ ಜೀವದ ಗೆಳೆಯ ಮಧುಸೂದನರಾಯರಿಗೂ ಗೊತ್ತಿರಲಿಲ್ಲ.

ಅವರು ಎರಡನೆಯ ಪತ್ರ ಬಿಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ರಾಚಯ್ಯ ಓದಿದ: ‘ಹಸಿರು ಗಿಡಗಳ ನಡುವೆ ಕೆಂಪು ಹಣ್ಣುಗಳು ಎಷ್ಟು ದೂರದಿಂದಲೂ ಕಣ್ಣಿಗೆ ಬೀಳುತ್ತವೆ.’

ಅವನು ಲಕೋಟೆ ತಿರುಗಿಸಿ, ಅದು ಕೈ ಸೇರಿದ ತಾರೀಖು ಕೇಳಿದ. ಜುಲೈ ೮ ಎಂದರು.

"ಒಂದೂವರಿ ತಿಂಗಳಾತು. ಇಷ್ಟ ದಿನ ಯಾಕ ಬರಲಿಲ್ರಿ?"

ಭಾಗೀರಥೀಬಾಯಿ ಪತ್ರವನ್ನು ಮೊದಲಿನ ಹಾಗೆಯೇ ಮಡಚಿದರು. "ಬಂದು ಹೇಳಿದ್ರ ಪತ್ರ ಬರೂದು ನಿಂತು ಹೋಗ್ತದಂತ."

ನಿನ್ನೆ ಬಂದ ಐದನೆಯ ಪತ್ರದಲ್ಲಿ, ಇನ್ನೂ ಒಂದು ವರ್ಷ ಅಲ್ಲೇ ಇರುವ ಮನಸ್ಸಾಗಿದೆ ಎಂದಿತ್ತು. ಇನ್ನು ತಡೆಯಲಾರೆನೆಂದು ಬಂದಿದ್ದರು. ರಾಚಯ್ಯ ಹೇಳಿಕೆ ಬರೆದುಕೊಂಡು ಓದಿ ಹೇಳಿ ಸಹಿ ಪಡೆದ. ವ್ಯಕ್ತಿ ಕಾಣೆಯಾದ ಬಗ್ಗೆ, ಅಪಹರಣದ ಸಂಶಯ ಮತ್ತು ಖೋಟಾ ಬರಹದ ಬಗ್ಗೆ ಹನ್ನೊಂದೂವರೆಗೆ ಎಫ್.ಐ.ಆರ್. ದಾಖಲಾಯಿತು. ಕಣ್ಣಿನ ವಿಷಯವನ್ನು ಎಷ್ಟು ಬೇಕೋ ಅಷ್ಟೇ ಬರೆದ.

ಐದೂ ಲಕೋಟೆಗಳ ಮೇಲೆ ಅಂಚೆ ಮುದ್ರೆಯ ಜಾಗದಲ್ಲಿ ಮಸಿ ಚೆಲ್ಲಿತ್ತು. ಒಂದಕ್ಕಾದರೆ ಕೈತಪ್ಪು ಅನ್ನಬಹುದು; ಐದಕ್ಕೂ ಎಂದರೆ, ಮುದ್ರೆ ಓದಲು ಬಾರದಂತೆ ಡಬ್ಬಿಗೆ ಹಾಕುವ ಮೊದಲೇ ಚೆಲ್ಲಿದ್ದು. ರಾಚಯ್ಯ ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದ. ಉತ್ತರದಿಂದ ಬಂದ ಪತ್ರಕ್ಕೆ ಹಾಕಿದ ಊರಿನದೊಂದು, ಮುಟ್ಟಿದ ಊರಿನದೊಂದು, ಎರಡು ಮುದ್ರೆ ಇರಬೇಕು. ಇವುಗಳ ಮೇಲೆ ಒಂದೊಂದೇ ಇತ್ತು. ಮಧ್ಯಾಹ್ನ ಅಂಚೆ ಕಚೇರಿಗೆ ಹೋದಾಗ ಪೋಸ್ಟ್ ಮಾಸ್ತರ ಪಂಢರೀನಾಥ ಭೂತಗನ್ನಡಿಯ ಕೆಳಗಿಟ್ಟು ನೋಡಿ, ಮಸಿಯ ಮೇಲೆ ಬಿದ್ದಿರುವುದು ಬಾದಾಮಿಯದೇ ಮುದ್ರೆ ಎಂದು ಬರೆದುಕೊಟ್ಟ. ಹಾಗಾದರೆ ಪತ್ರಗಳು ಹಿಮಾಲಯ ಬಿಡು, ತಾಲೂಕಿನ ಆಚೆಯಿಂದಲೂ ಬಂದವಲ್ಲ. ಬಾದಾಮಿ ಕಚೇರಿಗೆ ಸೇರಿದ ಡಬ್ಬಿಗಳು ಮೂರು. ಐದೂ ಪತ್ರ ಬಟವಾಡೆಯಾದದ್ದು ಸೋಮವಾರ. ಸೋಮವಾರ ಬೆಳಗಿನ ಬಸ್ಸಿಗೆ ಟಪಾಲು ಬರುವುದು ಕುಳಗೇರಿ ಕ್ರಾಸಿನ ಡಬ್ಬಿಯಿಂದ.

ಮರುದಿನ ರಾಚಯ್ಯ ರೈಲಿನಲ್ಲಿ ಬಾಗಲಕೋಟೆಗೆ ಹೋಗಿ, ಇನ್‌ಸ್ಪೆಕ್ಟರರ ಅಪ್ಪಣೆ ಪಡೆದು ಅಲ್ಮೋಡಾ ಪೊಲೀಸರಿಗೆ ತಂತಿ ಕೊಟ್ಟ. ಚಂದಪ್ಪನನ್ನು ಕುಳಗೇರಿ ಕ್ರಾಸಿಗೆ ಕಳಿಸಿದ. ಚಂದಪ್ಪ ಬೀರಪ್ಪದೇವರ ಒಕ್ಕಲಿನವ, ಕುರಿ ಕಾಯುವ ಮನೆತನ. ಖಾಕಿ ಬಿಚ್ಚಿಟ್ಟು ಕಂಬಳಿ ಹೆಗಲಿಗೆ ಹಾಕಿಕೊಂಡರೆ ಸಂತೆಗೆ ಬಂದ ಕುರುಬನೇ ಸೈ. ಎರಡು ದಿನ ಅಲ್ಲಿ ಕೂತು, ೨೩ರ ಸಂಜೆ ಬಂದು ವರದಿ ಒಪ್ಪಿಸಿದ. ಟಪಾಲು ಡಬ್ಬಿಯ ಎದುರಿಗೆ ಅಮೀನಬಿ ಎಂಬಾಕೆಯ ಚಹಾದ ಅಂಗಡಿ. ಹದಿನೈದು ದಿನಕ್ಕೊಮ್ಮೆ ಆದಿತ್ಯವಾರ ಬಾದಾಮಿಯ ಬಸ್ಸಿನಿಂದ ಒಬ್ಬ ಮಾಸ್ತರ ಇಳಿಯುತ್ತಾನೆ. ಸಣ್ಣ ಆಳು, ಕರಿ ಟೊಪ್ಪಿಗೆ, ಬೆರಳಿಗೆಲ್ಲ ಬಣ್ಣ. ಚಹಾ ತೆಗೆದುಕೊಂಡು ಅರ್ಧ ಆರುವವರೆಗೂ ಕುಡಿಯುವುದಿಲ್ಲ. ಆಮೇಲೆ ಡಬ್ಬಿಗೆ ಪತ್ರ ಹಾಕಿ, ಮುಂದಿನ ಬಸ್ಸಿಗೆ ಬಂದ ದಾರಿಯಲ್ಲೇ ಹೋಗುತ್ತಾನೆ. ಕಡೆಯ ಸಲ ಬಂದದ್ದು ೧೮ನೇ ತಾರೀಖು.

"ಎಡಗೈಯ ಎರಡು ಬಟ್ಟಿನ ತುದಿ ಕರ್ರಗ ಆಗ್ಯಾವಂತ್ರಿ ಸಾಹೇಬ್ರ," ಎಂದ ಚಂದಪ್ಪ. "ಸುಟ್ಟದ್ದಲ್ಲಂತ. ಸತ್ತ ಚರ್ಮ ಇದ್ದಂಗ ಅದಾವಂತ."

ಶನಿವಾರ ಶಾಲೆ ಬಿಟ್ಟ ಮೇಲೆ ರಾಚಯ್ಯ ಮಧುಸೂದನನನ್ನು ಠಾಣೆಗೆ ಕರೆಸಿ, ಸುಮ್ಮನೆ ವಿಚಾರಣೆ ಎನ್ನುವ ಹಾಗೆ ಮಾತಾಡಿಸಿದ. ನರಸಿಂಹನನ್ನು ಕಡೆಯದಾಗಿ ಕಂಡದ್ದು ಎಲ್ಲಿ ಎಂದರೆ, ಬಾಗೇಶ್ವರದಲ್ಲಿ, ಹಿಮನದಿ ನೋಡಿ ಇಳಿದ ಮೇಲೆ ಅವ ಸಾಧುಗಳ ಸಂಗಡ ಬದರಿಯ ಕಡೆ ಹೋದ ಎಂದ. ಸಾಧುಗಳ ಹೆಸರು ಗೊತ್ತಿಲ್ಲ. ಬೆರಳಿಗೆ ಏನಾಯಿತೆಂದರೆ, ಅಲ್ಲಿಯ ಥಂಡಿ ಎಂದ. ಹೇಳಿಕೆಗೆ ಸಹಿ ಹಾಕುವಾಗ ಅವನ ಕೈ ಸ್ಥಿರವಾಗಿತ್ತು, ಆದರೆ ಒಮ್ಮೆಯೂ ತಲೆ ಎತ್ತಲಿಲ್ಲ. ರಾಚಯ್ಯ ಅವನನ್ನು ಮನೆಗೆ ಹೋಗಗೊಟ್ಟ. ನರಸಿಂಹ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಎಂಬುದಕ್ಕೆ ಇನ್ನೂ ಕಾಗದವಿರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ರಾಚಯ್ಯ ಕಾಗದ ಬರುವ ಮೊದಲೇ ಇಷ್ಟು ಹೆದರಿದ್ದು ಇದೇ ಮೊದಲು.

ಕಾಗದ ಆಗಸ್ಟ್ ೩೧ರಂದು ರಜಿಸ್ಟರ್ ಟಪಾಲಿನಲ್ಲಿ ಬಂತು. ಆ ಬೆಟ್ಟಗಳಲ್ಲಿ ಪೊಲೀಸರ ಕೆಲಸ ನೋಡುವವನು ಪಟವಾರಿ. ಅವನು ಮೇ ತಿಂಗಳಲ್ಲೇ ಬರೆದಿಟ್ಟ ವರದಿ, ದಾರಿ ತೋರಿಸಿದ ಮಾನಸಿಂಗನ ಹೇಳಿಕೆ, ಎರಡರ ನಕಲೂ ಹಿಂದಿಯಲ್ಲಿದ್ದವು. ಮುಂಬಯಿ ರಾಜ್ಯದ ಕಾಲದಲ್ಲಿ ಮರಾಠಿ ಓದಿ ಬೆಳೆದ ರಾಚಯ್ಯ, ಅಕ್ಷರ ಅಕ್ಷರ ಕೂಡಿಸಿ ತಾನೇ ಓದಿದ.

ಮೇ ೧೬ರ ಮಧ್ಯಾಹ್ನ ಮೂವರೂ ಹಿಮನದಿಯ ಬಾಯಿಗೆ ಮುಟ್ಟಿದ್ದರು. ಮಾನಸಿಂಗ ದೊಡ್ಡ ಮಾಸ್ತರ ಎಂದು ಕರೆದ ನರಸಿಂಹ ಎರಡೂ ಕೈಯಿಂದ ಹಿಮ ಮುಟ್ಟಿ, ಬಹಳ ಹೊತ್ತು ನಕ್ಕನಂತೆ. ಅವನ ಉಸಿರು ಸರಿಯಿಲ್ಲ, ಇವತ್ತೇ ಫುರ್ಕಿಯಾದ ಬಂಗಲೆಗೆ ಇಳಿಯೋಣ ಎಂದು ಮಾನಸಿಂಗ ಹೇಳಿದ. ಚಿತ್ರ ಬರೆಯುವ ಮಾಸ್ತರ ಕೇಳಲಿಲ್ಲ. ಬೆಳಗಿನ ಬಿಸಿಲು ಶಿಖರದ ಮೇಲೆ ಬೀಳುವುದನ್ನು ಬರೆದುಕೊಳ್ಳಬೇಕು, ಒಂದೇ ದಿನ ಎಂದ. ಗೆಳೆಯನ ಸಲುವಾಗಿ ದೊಡ್ಡ ಮಾಸ್ತರನೂ ಒಪ್ಪಿದ. ಅಲ್ಲೇ ಡೇರೆ ಹೊಡೆದರು. ಬೆಳಗಾಗುವಷ್ಟರಲ್ಲಿ ದೊಡ್ಡ ಮಾಸ್ತರನ ಎದೆಯಲ್ಲಿ ನೀರು ಕುದಿಯುವಂಥ ಸಪ್ಪಳ, ಎದ್ದು ನಿಲ್ಲಲಾರ. ಈ ಜಡ್ಡಿಗೆ ಕೆಳಗಿಳಿಯುವುದೊಂದೇ ಔಷಧ. ಹೊತ್ತು ಇಳಿಸಲು ನಾಲ್ಕು ಆಳು ಬೇಕು. ಮಾನಸಿಂಗ ತಾನು ಹೋಗಿ ಆಳು ತರುತ್ತೇನೆ, ಇವನನ್ನು ಕೂಡಿಸಿಯೇ ಇಡು, ಎರಡೂ ಕಂಬಳಿ ಇವನಿಗೇ ಹೊದಿಸು, ಏನೇ ಆದರೂ ಬಿಟ್ಟು ಬರಬೇಡ ಎಂದು ಹೇಳಿ ಇಳಿದ. ಹನ್ನೆರಡಕ್ಕೆ ಹಿಮ ಬೀಳತೊಡಗಿತು. ಆಳುಗಳ ಜೊತೆ ಹತ್ತಿ ಬರುವಾಗ, ಎರಡರ ಸುಮಾರಿಗೆ, ಅರ್ಧ ದಾರಿಯಲ್ಲಿ ಚಿತ್ರದ ಮಾಸ್ತರ ಎದುರಾದ. ಎರಡೂ ಕಂಬಳಿ ಅವನ ಮೈಮೇಲಿದ್ದವು. ‘ಅವ ಹೋದ’ ಎಂದ. ಮೂರಕ್ಕೆ ಡೇರೆ ಮುಟ್ಟಿದರು. ದೊಡ್ಡ ಮಾಸ್ತರ ಡೇರೆಯ ಕಂಬಕ್ಕೆ ಒರಗಿ, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ. ಜೀವವಿರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು.

ರಾಚಯ್ಯ ಕಾಗದ ಕೆಳಗಿಟ್ಟು ಹಿತ್ತಲಿಗೆ ಹೋದ. ಬಾವಿಯಿಂದ ಒಂದು ಕೊಡ ಸೇದಿ ಮುಖ ತೊಳೆದುಕೊಂಡು ಬಂದು, ಉಳಿದದ್ದನ್ನು ಓದಿದ. ೧೮ರಂದು ನದಿಯ ದಂಡೆಯಲ್ಲಿ ದಹನವಾಗಿತ್ತು. ಪಟವಾರಿಯ ವರದಿಯ ಕೆಳಗೆ ಒಂದು ಬರಹವಿತ್ತು: ಮೃತನ ಮನೆಯವರಿಗೆ ನಾನೇ ಖುದ್ದಾಗಿ ತಿಳಿಸುತ್ತೇನೆ. ಅದರಡಿಯಲ್ಲಿ ಮಧುಸೂದನನ ಸಹಿ.

ಸೆಪ್ಟೆಂಬರ್ ೧, ಆದಿತ್ಯವಾರ. ಕುಳಗೇರಿ ಕ್ರಾಸ್. ಬೆಳಿಗ್ಗೆ ೯-೪೦ರ ಬಸ್ಸಿನಿಂದ ಮಧುಸೂದನ ಇಳಿದ. ಅಮೀನಬಿ ಏನೂ ಅರಿಯದವಳಂತೆ ಚಹಾ ಕೊಟ್ಟಳು. ಅವನು ಅದನ್ನು ಆರಿಸಿ ಕುಡಿದು, ಅಂಗಿಯ ಒಳಜೇಬಿನಿಂದ ಲಕೋಟೆ ತೆಗೆದು ಡಬ್ಬಿಯ ಕಡೆ ನಡೆದ. ಬೇವಿನ ಗಿಡದ ಹಿಂದಿನಿಂದ ರಾಚಯ್ಯ ಮುಂದೆ ಬಂದ.

"ಮಾಸ್ತರ, ಆ ಪತ್ರ ಇಲ್ಲಿ ಕೊಡ್ರಿ."

ಮಧುಸೂದನ ಓಡಲಿಲ್ಲ, ಬಚ್ಚಿಡಲಿಲ್ಲ. ಬಹಳ ದಿನದಿಂದ ಯಾರಾದರೂ ಕೇಳಲೆಂದು ಕಾದವನಂತೆ ಕೈ ಚಾಚಿ ಕೊಟ್ಟ. ಬಸ್ ಏಜೆಂಟ ಮತ್ತು ಸೈಕಲ್ ಅಂಗಡಿಯವನನ್ನು ಪಂಚರನ್ನಾಗಿ ಕರೆದು, ಅಂಗಡಿಯ ಬಾಕಿನ ಮೇಲೆ ಜಪ್ತಿ ಪಂಚನಾಮೆ ಬರೆದರು. ಮಾಸ್ತರ ತನ್ನ ತಾಯಿಗೆ ಕಾಗದ ಹಾಕುತ್ತಾನೆಂದು ತಾನು ತಿಳಿದಿದ್ದಾಗಿ ಅಮೀನಬಿ ಚಂದಪ್ಪನಿಗೆ ಹೇಳಿದಳು.

ಹನ್ನೆರಡು ಗಂಟೆಗೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ರಾಚಯ್ಯ ಪಟವಾರಿಯ ಕಾಗದ ಮುಂದಿಟ್ಟ.

"ಈ ಸಹಿ ನಿಮ್ಮದ?"

"ಹೌದ್ರಿ."

"ಬಿಟ್ಟು ಬರೋ ಮುಂದ ಉಸಿರಿತ್ತೇನು?"

ಮಧುಸೂದನ ತನ್ನ ಕಪ್ಪಾದ ಬೆರಳುಗಳನ್ನು ನೋಡಿಕೊಂಡ.

"ಇತ್ತು."

"ಕಂಬಳಿ ಅವರ ಕೊಟ್ರೋ, ನೀವು ತಗೊಂಡ್ರೋ?"

"ಮೊದಲ ನಾ ತಗೊಂಡೆ. ಆಮ್ಯಾಲೆ ಅವ ಹೂಂ ಅಂದ."

ಉಳಿದದ್ದನ್ನು ಅವನು ತಡೆಯದೆ ಹೇಳಿದ. ಆ ಎದೆಯ ಸಪ್ಪಳಕ್ಕೆ ಅವನು ಹೆದರಿದ್ದ. ಹಿಮ ಡೇರೆಯ ಮೇಲೆ ಕೂತು ಬಟ್ಟೆ ಜೋತು ಬೀಳುತ್ತಿತ್ತು. ಆಳುಗಳು ಬರುವುದಿಲ್ಲ, ಇಬ್ಬರೂ ಇಲ್ಲೇ ಮುಚ್ಚಿ ಹೋಗುತ್ತೇವೆ ಎನ್ನಿಸಿತು. ಕೆಳಗೆ ಹೋಗಿ ಮಾನಸಿಂಗನನ್ನು ಲಗುಬಗೆಯಿಂದ ಕರೆತರುತ್ತೇನೆಂದು ಗೆಳೆಯನಿಗೆ ಹೇಳಿದ. ಹೇಳುವಾಗಲೇ ಅದು ಖರೆ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಅಡ್ಡಿ ಮಾಡಿದ್ದರೆ ತಾನು ನಿಲ್ಲುತ್ತಿದ್ದೆ ಎಂದ. ನರಸಿಂಹ ಅಡ್ಡಿ ಮಾಡಲಿಲ್ಲ.

"ಏನಂದ್ರು?"

"‘ನೀ ಮುಂದ ನಡಿ ಮಧು, ನಾ ಹಿಂದಿನಿಂದ ಬರ್ತೇನಿ’ ಅಂದ."

ಬರೆದುಕೊಳ್ಳುತ್ತಿದ್ದ ಚಂದಪ್ಪನ ಕೈ ನಿಂತಿತು. ರಾಚಯ್ಯ ಬರೆ ಎಂದು ಸನ್ನೆ ಮಾಡಿದ.

ಜೂನ್ ೫ರಂದು ಸೊಲ್ಲಾಪುರದಿಂದ ಬಾದಾಮಿಯವರೆಗೂ ಮಧುಸೂದನ, ಗೆಳೆಯನ ಹೆಂಡತಿಗೆ, ತನ್ನ ವೈನಿಗೆ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹೊಂದಿಸುತ್ತಲೇ ಬಂದಿದ್ದ. ಇಳಿದಾಗ ಭಾಗೀರಥೀಬಾಯಿ ಪ್ಲಾಟ್‌ಫಾರ್ಮಿನ ಮೇಲೆ ತಂಬಿಗೆಯಲ್ಲಿ ಕುಡಿಯುವ ನೀರು ಹಿಡಿದು ನಿಂತಿದ್ದರು, ಅವನ ಹಿಂದಿನ ಬಾಗಿಲನ್ನೇ ನೋಡುತ್ತ. ಎಲ್ಲಿ ಎಂದರು. ಹೊಂದಿಸಿದ್ದು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಗೆಳೆಯ ಅಂದ ಮಾತೇ. ಅದನ್ನು ಕೇಳಿ ಅವರು ನಕ್ಕು, ಒಂದು ಲೋಟ ನೀರು ಬಗ್ಗಿಸಿ ಅವನಿಗೇ ಕೊಟ್ಟರು. ಅವನು ಕುಡಿದ. ಆ ನೀರು ಕುಡಿದ ಮೇಲೆ ಖರೆ ಹೇಳುವ ದಾರಿ ಮುಚ್ಚಿತು ಎಂದ.

೧೨-೫೦ಕ್ಕೆ ರಾಚಯ್ಯ ಅವನನ್ನು ದಸ್ತಗಿರಿ ಮಾಡಿದ. ಖೋಟಾ ಬರಹ ಮತ್ತು ಪೊಲೀಸರಿಗೆ ಸುಳ್ಳು ಹೇಳಿಕೆ, ಇವೆರಡು ಇಲ್ಲಿಯ ಆರೋಪ. ಬೆಟ್ಟದ ಮೇಲೆ ನಡೆದದ್ದಕ್ಕೆ ಯಾವ ಕಲಮು ಹತ್ತುತ್ತದೆ, ಹತ್ತುತ್ತದೋ ಇಲ್ಲವೋ, ಅದನ್ನು ನಿರ್ಧರಿಸಬೇಕಾದವರು ಅಲ್ಲಿಯವರು. ಆ ಕಾಗದಗಳನ್ನು ಅಲ್ಮೋಡಾಕ್ಕೆ ಕಳಿಸಲು ಬೇರೆ ಕಟ್ಟಿಟ್ಟ.

ನಾಲ್ಕು ಗಂಟೆಗೆ ಅವನು ಭಾಗೀರಥೀಬಾಯಿಯವರ ಮನೆಗೆ ಹೋದ. ಚಂದಪ್ಪ ತಾನೂ ಬರುತ್ತೇನೆಂದರೂ ಬೇಡವೆಂದು ಒಬ್ಬನೇ ನಡೆದ. ಅವರು ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವನು ಟೊಪ್ಪಿಗೆ ತೆಗೆದದ್ದನ್ನು ಕಂಡು ಮೊರ ಕೆಳಗಿಟ್ಟರು. ರಾಚಯ್ಯ ಸುತ್ತು ಬಳಸಲಿಲ್ಲ. ಬೇಕಾದದ್ದನ್ನೆಲ್ಲ ಹೇಳಿದ, ಕಂಬಳಿಯ ಮಾತನ್ನೂ ಮುಚ್ಚಲಿಲ್ಲ, ಏಕೆಂದರೆ ನಾಳೆ ಕೋರ್ಟಿನಲ್ಲಿ ಅದು ಅವರ ಕಿವಿಗೆ ಬೀಳುವುದೇ. ಅವರು ಅಳಲಿಲ್ಲ. ಎದ್ದು ಒಳಗೆ ಹೋಗಿ ಪಂಚಾಂಗ ತಂದರು.

"ತಾರೀಖು ಏನಂದ್ರಿ?"

"ಮೇ ಹದಿನೇಳು, ಶುಕ್ರವಾರ."

ಹಾಳೆ ತಿರುವಿ ಹುಡುಕಿದರು. ವೈಶಾಖ ಬಹುಳ ಚೌತಿ. ಅಷ್ಟೂ ದಿನ ಹಣೆಗೆ ಹಚ್ಚಿಕೊಂಡ ಕುಂಕುಮಕ್ಕೆ ಅವರ ಕೈ ಒಮ್ಮೆ ಹೋಗಿ, ಅಲ್ಲೇ ನಿಂತಿತು. ಅಳಿಸಲಿಲ್ಲ. ಕೈ ಕೆಳಗಿಳಿಸಿ ಕೇಳಿದರು:

"ಹಿಮ ಮುಟ್ಟಿದ್ರೇನ್ರಿ ಅವರು?"

"ಎರಡೂ ಕೈಲೆ ಮುಟ್ಟಿದ್ರಂತ್ರಿ. ಭಾಳ ಹೊತ್ತು ನಕ್ರಂತ."

ಅವರು ತಲೆಯಾಡಿಸಿದರು. ಆಮೇಲೆ, ಬಾಗಿಲವರೆಗೆ ಬಂದ ರಾಚಯ್ಯನ ಬೆನ್ನಿಗೆ, ಮಧುಸೂದನರಾಯರು ಬಂದು ಹೇಳಿದ್ದರೆ ತಾವು ಏನೂ ಅನ್ನುತ್ತಿರಲಿಲ್ಲ ಎಂದರು. ಅವರನ್ನೂ ಕೂಡಿಸಿ ಊಟಕ್ಕೆ ಹಾಕುತ್ತಿದ್ದೆ ಎಂದರು. ಆಗ ದನಿ ಒಡೆಯಿತು. ರಾಚಯ್ಯ ತಿರುಗಿ ನೋಡದೆ ಮೆಟ್ಟಿಲಿಳಿದ. ಪಕ್ಕದ ಮನೆಯ ಲೀಲಾಬಾಯಿಯವರಿಗೆ ಹೇಳಿ, ಅವರು ಭಾಗೀರಥೀಬಾಯಿಯವರ ಮನೆಯೊಳಗೆ ಹೋಗುವುದನ್ನು ನೋಡಿಕೊಂಡು ಮುಂದೆ ಹೊರಟ.

ಸೆಪ್ಟೆಂಬರ್ ೨ರ ಬೆಳಿಗ್ಗೆ ಏಳಕ್ಕೆ ಪಂಚರ ಸಮಕ್ಷಮ ಮಧುಸೂದನನ ಕೋಣೆಯ ಝಡತಿ ನಡೆಯಿತು. ನರಸಿಂಹನ ಅಕ್ಷರವಿದ್ದ ಹಳೆಯ ಟಿಪ್ಪಣಿ ಪುಸ್ತಕ, ಮಸಿ, ಟಾಕು ಸಿಕ್ಕವು. ಹಾಸಿಗೆಯ ಕೆಳಗೆ ಹಾಕದೆ ಉಳಿದ ಪತ್ರಗಳ ಒಂದು ಕಟ್ಟು ಇತ್ತು. ಒಟ್ಟು ಏಳು. ಪಂಚನಾಮೆಗೆ ವಿವರ ಬೇಕೆಂದು ರಾಚಯ್ಯ ಒಂದೊಂದಾಗಿ ಓದಿದ. ಮೊದಲನೆಯದು ಜ್ವರದಿಂದ ಶುರುವಾಗುತ್ತಿತ್ತು. ಮೂರು ದಿನದಿಂದ ಅನ್ನ ಸೇರಿಲ್ಲ, ಇನ್ನು ಬದುಕುವ ಭರವಸೆಯಿಲ್ಲ ಎಂದು ಬರೆದವನು, ಹಾಳೆಯ ಕೊನೆಗೆ ಬಂದಾಗ, ಇವತ್ತು ಸ್ವಲ್ಪ ಗಂಜಿ ಕುಡಿದೆ, ಹಗುರೆನ್ನಿಸುತ್ತಿದೆ ಎಂದಿದ್ದ. ಎರಡನೆಯದರಲ್ಲಿ ಕಾಲು ಜಾರಿ ಕಣಿವೆಗೆ ಬೀಳುತ್ತಾನೆ, ಕೊನೆಯ ಸಾಲಿಗೆ ಒಬ್ಬ ಕುರುಬ ಎತ್ತಿ ಮೇಲೆ ತರುತ್ತಾನೆ. ಏಳರಲ್ಲೂ ಹಾಗೆಯೇ. ನಿನ್ನೆ ಜಪ್ತಿಯಾದ ಆರನೆಯ ಪತ್ರದಲ್ಲಿ ನರಸಿಂಹ ಆರಾಮಾಗಿದ್ದ. ಇಲ್ಲಿ ಥಂಡಿ ಕಡಿಮೆಯಾಗಿದೆ, ಹೊದೆಯಲು ಬೇಕಾದಷ್ಟಿದೆ, ಕಾಳಜಿ ಮಾಡಬೇಡ ಎಂದು ಬರೆದಿತ್ತು.

ಇವನ್ನು ಯಾಕೆ ಹಾಕಲಿಲ್ಲ ಎಂದು ರಾಚಯ್ಯ ಕೇಳಿದ.

"ಹ್ಯಾಂಗರೆ ಮಾಡಿ ಇದನ್ನ ಮುಗಸಬೇಕು, ವೈನಿಗೆ ಸುದ್ದಿ ಮುಟ್ಟಬೇಕು ಅಂತನ ಬರೀಲಿಕ್ಕೆ ಕೂಡ್ತಿದ್ದೆ ರೀ," ಎಂದ ಮಧುಸೂದನ. "ಅವನ್ನ ಮತ್ತ ಸಾಯಸ್ಲಿಕ್ಕೆ ಕೈ ಬರಲಿಲ್ಲ."

ಹನ್ನೊಂದರ ರೈಲಿಗೆ ಚಂದಪ್ಪ ಆರೋಪಿಯನ್ನು ಬಾಗಲಕೋಟೆಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಕರೆದುಕೊಂಡು ಹೋದ. ರಾಚಯ್ಯ ಠಾಣೆಗೆ ಬಂದು ಕೇಸ್ ಡೈರಿ ತೆರೆದ. ಗುನ್ನೆಯ ಉದ್ದೇಶ ಎಂಬಲ್ಲಿಗೆ ಬಂದಾಗ ಲೆಕ್ಕಣಿಕೆ ನಿಂತಿತು. ಲಾಭದ ಉದ್ದೇಶ ಕಂಡುಬಂದಿಲ್ಲ ಎಂದು ಬರೆದ. ದ್ವೇಷದ ಉದ್ದೇಶ ಕಂಡುಬಂದಿಲ್ಲ ಎಂದು ಬರೆದ. ಆಮೇಲೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಆರೋಪಿಯು ಗೆಳೆಯನನ್ನು ಜೀವಂತ ಬಿಟ್ಟು ಬಂದವನಿದ್ದು, ಆತನು ಬದುಕಿಯೇ ಇರಬೇಕೆಂಬ ಆಸೆಯಿಂದ ಸದರಿ ಪತ್ರಗಳನ್ನು ಬರೆದಿರುತ್ತಾನೆ.’

ಸಹಿ ಹಾಕಿ, ವೇಳೆ ನಮೂದಿಸಿದ. ಮಧ್ಯಾಹ್ನ ೩-೨೦.